ಇಬ್ಬರಿಗೂ ಸೇರಿ ಒಂದು ಕೋಣೆ

ನಾನು ದಾವಣಗೆರೆ ಪಾಲಿಕೆಯಲ್ಲಿ ಗುತ್ತಿಗೆಯ ಮೇಲೆ ಸಮುದಾಯ ಸಂಘಟಕಿಯಾಗಿ ಸೇರಿದಾಗ ನಮ್ಮ ಅತ್ತೆ ಕೆಲವು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ವಿನೋಬನಗರದಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ, ಅದರ ಹಿಂದೆಯೇ ಮನೆ. ಗಂಡನ ಜೊತೆ ಅಂಗಡಿ ನೋಡಿಕೊಳ್ಳಬೇಕಾದ ಸೊಸೆ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು ಅಂತ ಸುತ್ತಿ, ಬೀದಿಯಲ್ಲಿ ಮಲಗುವವರನ್ನು ಹುಡುಕಿ ಮಾತಾಡಿಸುತ್ತಾಳೆ ಎಂದರೆ ಅವರಿಗೆ ಜೀರ್ಣವಾಗುತ್ತಿರಲಿಲ್ಲ.

"ಅಂಗ್ಡ್ಯಾಗೆ ಕೂತ್ಕಂಡು ನಟ್ಟು ಬೋಲ್ಟು ಮಾರಾಕೆ ಏನಾಗೈತೆ ನಿಂಗೆ? ನಮ್ ಮನೆತನದಾಗೆ ಯಾರೂ ಹಿಂಗೆ ಬೀದಿ ಸುತ್ತಿಲ್ಲ" ಎಂದು ರೊಟ್ಟಿ ಬಡಿಯುತ್ತಾ ಹೇಳುವರು. ಹೇಳಿದಷ್ಟೂ ರೊಟ್ಟಿಗೆ ಏಟು ಜಾಸ್ತಿ ಬೀಳುವುದು.

ನನಗೋ ಆ ಕೆಲಸದಲ್ಲಿ ಎಲ್ಲಿಲ್ಲದ ಹುರುಪು. ಮನೆಯಿಲ್ಲದವರನ್ನು ಪಾಲಿಕೆಯ ಆಶ್ರಯ ಕೇಂದ್ರಕ್ಕೆ ಕರೆತರುವುದು, ಊಟ ಹಾಸಿಗೆ ನೋಡಿಕೊಳ್ಳುವುದು, ಆಧಾರ್ ಕಾರ್ಡು, ಪಿಂಚಣಿ, ಆಸ್ಪತ್ರೆ ಅಂತ ಅವರ ಜೊತೆ ಓಡಾಡುವುದು ನನ್ನ ಪಾಲಿನ ಕೆಲಸ. ವರ್ಷಗಟ್ಟಲೆ ಫುಟ್‌ಪಾತಿನ ಮೇಲೆ ಮಲಗಿದ್ದ ಒಬ್ಬರು ಮೊದಲ ದಿನ ಕೇಂದ್ರದ ಮಂಚದ ಅಂಚನ್ನು ಸವರಿ, "ಇದು ನಂದೇನ್ರಿ? ಬೆಳಗ್ಗೆ ಎಬ್ಬಿಸಲ್ವಾ?" ಎಂದು ಕೇಳಿದ್ದರು. ಆ ಸಂಜೆ ನಾನು ಆಟೋ ಹತ್ತದೆ ನಡೆದೇ ಮನೆಗೆ ಬಂದೆ. ಕೂತುಕೊಂಡು ಬರುವಷ್ಟು ತಾಳ್ಮೆ ನನಗಿರಲಿಲ್ಲ.

ನಾನು ಹೇಳಬೇಕೆಂದಿರುವುದು ಹರಿಹರದಲ್ಲಿ ಸಿಕ್ಕಿದ ಒಂದು ಗಂಡ ಹೆಂಡತಿ ಜೋಡಿಯ ಕಥೆಯನ್ನು. ಹರಿಹರ ನನ್ನ ತವರು. ಮಳೆಗಾಲದ ಒಂದು ಭಾನುವಾರ ಅವ್ವನನ್ನು ನೋಡಲು ಹೋದಾಗ, ಬಸ್ಸಿಳಿದ ಕೂಡಲೇ ಹೊಳೆಯ ಕಡೆಯಿಂದ ಬೀಸಿದ ಗಾಳಿಗೆ ನನ್ನ ಕೊಡೆ ಉಲ್ಟಾ ಆಯಿತು. ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೊಡೆ, ಚೀಲದ ಜಿಪ್ಪು ರಿಪೇರಿ ಮಾಡುವ ವಯಸ್ಸಾದವರೊಬ್ಬರು ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ತಂತಿಯ ತುಂಡುಗಳನ್ನು ಡಬ್ಬಿಯಲ್ಲಿ ಹುಡುಕಿ ಕೊಡುತ್ತಿದ್ದರು.

"ಕಡ್ಡಿ ಮುರಿದಿಲ್ಲ ರೀ, ಮಣಿದಾವೆ ಅಷ್ಟೇ!" ಎಂದು ಅವರು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದರು. ನಾನು ಬೆಚ್ಚಿಬಿದ್ದೆ.

ಹೆಂಡತಿ ನಕ್ಕರು. "ಅವ್ರಿಗೆ ಕಿವಿ ಮಂದ ಐತೆ ಕಣವ್ವ. ತಮಗೆ ಕೇಳ್ಸಲ್ಲ ಅಂತ ಲೋಕಕ್ಕೆಲ್ಲ ಕೂಗ್ತಾರೆ. ನೀ ನನ್ಕೂಡ ಮಾತಾಡು, ನಾ ಅವ್ರಿಗೆ ಹೇಳ್ತೀನಿ."

ಮಳೆ ಬಿಡಲಿಲ್ಲ. ನಾನೂ ಕಟ್ಟೆಯ ಮೇಲೆ ಕೂತೆ. ಅವರ ಹಿಂದೆ ಗೋಡೆಗೆ ಒರಗಿಸಿದ್ದ ಗಂಟು, ಒಂದು ಪಾತ್ರೆ, ಸುತ್ತಿಟ್ಟ ಚಾಪೆ ಕಂಡವು. ಅವು ಯಾರವು, ಇವರು ಎಲ್ಲಿ ಮಲಗುತ್ತಾರೆ ಎಂದು ಬಾಯಿಬಿಟ್ಟು ಕೇಳುವ ಅಗತ್ಯ ನನ್ನ ಕೆಲಸದವರಿಗೆ ಇರುವುದಿಲ್ಲ. ಆದರೂ ಕೇಳಿದೆ.

ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಗಂಡ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆಗಿದ್ದರು. ಗೇಟಿನ ಪಕ್ಕದ ಶೆಡ್ಡಿನಲ್ಲೇ ಇಬ್ಬರ ಸಂಸಾರ. ಮಕ್ಕಳಿಲ್ಲ. ಮಾಲೀಕರು ತೀರಿಕೊಂಡ ಮೇಲೆ ಫ್ಯಾಕ್ಟರಿ ಬೇರೆಯವರ ಕೈಗೆ ಹೋಯಿತು, ಅವರು ಗೋದಾಮು ಕಟ್ಟಲು ಶೆಡ್ಡು ಕೆಡವಿದರು. ಬಾಡಿಗೆ ಮನೆ ಹುಡುಕಿದರೆ, ಕಿವಿ ಕೇಳದ ಗಂಡ, ಕಾಯಿಲೆಯ ಹೆಂಡತಿ, ಹಿಂದೆ ಮುಂದೆ ಯಾರೂ ಇಲ್ಲ ಅಂತ ಯಾರೂ ಕೊಡಲಿಲ್ಲ. ಕೊನೆಗೆ ಗಂಡನಿಗೆ ಗೊತ್ತಿದ್ದ ರಿಪೇರಿ ಕೆಲಸವನ್ನೇ ನಂಬಿ ಹರಿಹರದ ಈ ಕಟ್ಟೆಗೆ ಬಂದಿದ್ದರು.

"ದಾವಣಗೆರ್ಯಾಗೆ ಆಶ್ರಯ ಕೇಂದ್ರ ಐತಲ್ಲ, ಅಲ್ಲಿಗೆ ಯಾಕ ಬರ್ಲಿಲ್ಲ?" ಎಂದೆ. ನಾನು ಯಾರೆಂದು ಇನ್ನೂ ಹೇಳಿರಲಿಲ್ಲ.

"ಬಂದಿದ್ವಿ ಕಣವ್ವ. ಒಳ್ಳೆ ಜನ, ಚಾ ಕೊಟ್ರು. ಆದ್ರೆ ಗಂಡಸ್ರಿಗೆ ಒಂದು ಕಡೆ, ಹೆಂಗಸ್ರಿಗೆ ಬ್ಯಾರೆ ಕಡೆ ಅಂದ್ರು. ಅದು ಸರಿನೇ ಅನ್ನು. ಆದ್ರೆ ನಂಗೆ ಫಿಟ್ಸ್ ಬರ್ತೈತೆ. ಬರೋಕೆ ಮುಂಚೆ ನನ್ನ ಮಾರಿ ನೋಡಿದ್ರೇ ಅವ್ರಿಗೆ ಗೊತ್ತಾಗ್ತೈತೆ, ತಲೆ ಹಿಡ್ಕಂತಾರೆ. ಅವ್ರಿಗೆ ರಾತ್ರಿ ಯಾರಾದ್ರೂ ಕರದ್ರೆ ಕೇಳ್ಸಲ್ಲ, ನಾ ಎಬ್ಬಿಸ್ಬೇಕು. ಬ್ಯಾರೆ ಬ್ಯಾರೆ ಹೆಂಗೆ ಮಲಗೋದು? ವಾಪಸ್ ಬಂದ್ವಿ."

ಗಂಡ ಕೊಡೆಯನ್ನು ಫಟ್ಟನೆ ಬಿಚ್ಚಿ ತೋರಿಸಿ, "ನೋಡ್ರಿ, ಹೊಸಾದು!" ಎಂದು ಕೂಗಿದರು.

ಅವ್ವನ ಮನೆಯಲ್ಲಿ ಆವತ್ತು ನನಗೆ ಊಟ ರುಚಿಸಲಿಲ್ಲ. ಬೇಸರದಿಂದಲ್ಲ, ತಲೆಯೊಳಗೆ ಏನೋ ಹತ್ತಿಕೊಂಡಿತ್ತು. ಸೋಮವಾರ ಆಫೀಸಿನ ಬಾಗಿಲು ತೆಗೆಯುವ ಮೊದಲೇ ನಮ್ಮ ಸಾಹೇಬರ ಕೋಣೆಯ ಮುಂದೆ ನಿಂತಿದ್ದೆ. ಅವರು ಸಮುದಾಯ ವಿಭಾಗದ ಅಧಿಕಾರಿ, ಮಾತು ಕಡಿಮೆ, ಚಹಾ ಜಾಸ್ತಿ.

"ಸಾರ್, ಗಂಡ ಹೆಂಡ್ತಿ, ಮಕ್ಕಳು, ಇಡೀ ಸಂಸಾರ ಒಟ್ಟಿಗೆ ಇರೋ ಹಂಗೆ ಒಂದು ಕೇಂದ್ರ ಮಾಡಾಕೆ ಬರಲ್ವಾ?"

"ಸ್ಕೀಮಿನಾಗೆ ಅವಕಾಶ ಐತಮ್ಮ. ಬಿಲ್ಡಿಂಗ್ ಇಲ್ಲ" ಎಂದು ಅವರು ಚಹಾ ಊದಿದರು. ಇನ್ನೊಮ್ಮೆ ಊದಿ, ಲೋಟ ಕೆಳಗಿಟ್ಟು, "ತಡಿ. ನಿಮ್ ವಿನೋಬನಗರದಾಗೆ ನಮ್ದೊಂದು ಹಳೇ ವಾರ್ಡ್ ಆಫೀಸು ಐತಲ್ಲ? ಈಗ ಅದ್ರಾಗೆ ಏನೈತೆ?" ಎಂದರು.

ನಮ್ಮ ಮನೆಯಿಂದ ಎರಡು ಬೀದಿ ಆಚೆಗಿನ ಕಟ್ಟಡ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ, ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಸಾಹೇಬರು ಚಹಾ ಅಲ್ಲೇ ಬಿಟ್ಟು ಎದ್ದರು. ಇಬ್ಬರೂ ಅವರ ಸ್ಕೂಟರಿನಲ್ಲಿ ಹೋದೆವು. ಬೀಗಕ್ಕೆ ತುಕ್ಕು ಹಿಡಿದಿತ್ತು. ನಮ್ಮ ಅಂಗಡಿಯಿಂದಲೇ ಎಣ್ಣೆ ತರಿಸಿ ಬಿಟ್ಟ ಮೇಲೆ ತೆರೆಯಿತು. ಒಳಗೆ ಕೆಟ್ಟ ಬೀದಿದೀಪಗಳು, ಸೊಳ್ಳೆಗೆ ಹೊಗೆ ಬಿಡುವ ಹಳೆಯ ಮೆಷಿನ್ನು, ಕಾಲು ಮುರಿದ ಬೆಂಚುಗಳು. ಆದರೆ ಸಾಲಾಗಿ ನಾಲ್ಕು ಕೋಣೆ! ಹಿಂದೆ ನಲ್ಲಿ, ಶೌಚಾಲಯ, ಒಂದು ಸಣ್ಣ ಅಡುಗೆಮನೆಯಷ್ಟು ಜಾಗ. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಾ, "ಸಾರ್, ಇಲ್ಲಿ ಕಿಟಕಿ ಐತೆ! ಸಾರ್, ಇಲ್ಲಿ ಗೂಡೂ ಐತೆ!" ಎಂದು ಕೂಗುತ್ತಿದ್ದೆ. ಸಾಹೇಬರು ಬಾಗಿಲಲ್ಲೇ ನಿಂತು ನಗುತ್ತಿದ್ದರು. ಅವರು ಅಷ್ಟು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕಮಿಷನರ್ ಒಪ್ಪಿದರು. ಸಾಮಾನು ಸಾಗಿಸಲು, ಸುಣ್ಣ ಬಣ್ಣಕ್ಕೆ ಮಂಜೂರಾತಿ ಸಿಕ್ಕಿತು. ಆಮೇಲೆ ಶುರುವಾಯಿತು ನಿಜವಾದ ತಾಪತ್ರಯ. ಸುತ್ತಲಿನ ಮನೆಗಳವರು ವಾರ್ಡಿನ ಸದಸ್ಯೆಯ ಮನೆಗೆ ಹೋಗಿ, ಇಲ್ಲಿ ಭಿಕ್ಷುಕರನ್ನು ತಂದು ಇಡಬೇಡಿ ಎಂದರು. ಹೋದವರಲ್ಲಿ ನಮ್ಮ ಅತ್ತೆಯೂ ಇದ್ದರು.

ಅದು ನನಗೆ ಗೊತ್ತಾಗಿದ್ದು ಊಟದ ಹೊತ್ತಿನಲ್ಲಿ, ಅವರ ಬಾಯಿಂದಲೇ. "ನಾನೂ ಹೋಗಿದ್ದೆ. ಮುಚ್ಚಿಡೋದು ಯಾಕ?" ಎಂದರು. "ಯಾರೋ ಏನೋ, ಹೆಣ್ಮಕ್ಕಳು ಓಡಾಡೋ ಬೀದಿ."

"ಅತ್ತೆ, ಒಂದ್ಸಲ ಅವ್ರನ್ನ ನೋಡಿ ಆಮ್ಯಾಲೆ ಬ್ಯಾಡ ಅನ್ರಿ" ಎಂದೆ. ಅವರು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರು.

ವಾರ್ಡಿನ ಸದಸ್ಯೆ ಜಾಣೆ. ಜಗಳ ಬೆಳೆಯಲು ಬಿಡದೆ, ಒಂದು ಸಂಜೆ ಆ ಕಟ್ಟಡದ ಅಂಗಳದಲ್ಲೇ ಬೀದಿಯವರನ್ನೆಲ್ಲ ಸೇರಿಸಿದರು. ನಾನು ಮಧ್ಯಾಹ್ನವೇ ಹರಿಹರಕ್ಕೆ ಹೋಗಿ ಕೊಡೆಯವರನ್ನೂ ಅವರ ಹೆಂಡತಿಯನ್ನೂ ಕರೆತಂದೆ. ಅಷ್ಟರಲ್ಲಾಗಲೇ ನಾನು ಅವರನ್ನು ಕಾಕಾ, ಕಾಕಿ ಎನ್ನುತ್ತಿದ್ದೆ. ಬಸ್ಸಿನಲ್ಲಿ ಕಾಕಿ ಸೆರಗನ್ನು ಹತ್ತಾರು ಸಲ ಸರಿಮಾಡಿಕೊಂಡರು. "ಬ್ಯಾಡ ಅಂದ್ರೆ ಏನ್ ಮಾಡಾಣ?" ಎಂದರು. "ಅನ್ನಲ್ಲ ಬಿಡ್ರಿ" ಎಂದೆ, ನನಗೆ ಗೊತ್ತಿರುವವಳ ಹಾಗೆ.

ಅಂಗಳ ತುಂಬಿತ್ತು. ಎದುರು ಮನೆಯ ಬಟ್ಟೆ ವ್ಯಾಪಾರಿ ಎದ್ದು ನಿಂತು, "ಪಾಲಿಕೆಯವರು ಪುಣ್ಯದ ಕೆಲ್ಸ ಮಾಡ್ಲಿ, ಬ್ಯಾಡ ಅನ್ನಲ್ಲ. ನಮ್ ಮನೆ ಮುಂದೇನೇ ಯಾಕ?" ಎಂದರು. ಹೌದು ಹೌದು ಎಂದು ನಾಲ್ಕು ಕಡೆಯಿಂದ ದನಿ ಎದ್ದಿತು. ಸಾಹೇಬರು ಉತ್ತರ ಕೊಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕಾಕಾ ತಮ್ಮ ಚೀಲ ಬಿಚ್ಚಿ ನೆಲದ ಮೇಲೆ ಗೋಣಿತಟ್ಟು ಹಾಸಿದರು. ಇಕ್ಕಳ, ಸೂಜಿ, ತಂತಿಯ ಡಬ್ಬಿ ಒಂದೊಂದಾಗಿ ಜೋಡಿಸಿದರು. ಇಷ್ಟು ಜನ ಕೂಡಿದ್ದಾರೆ ಎಂದರೆ ರಿಪೇರಿಗೇ ಎಂದು ಅವರು ಅಂದುಕೊಂಡಿದ್ದರು. ಬಟ್ಟೆ ವ್ಯಾಪಾರಿಯ ಕಡೆ ಕೈಚಾಚಿ, ತಮ್ಮ ಆ ದೊಡ್ಡ ದನಿಯಲ್ಲಿ, "ನೀವೇ ಮೊದ್ಲು ಎದ್ದಿದ್ದು, ಕೊಡ್ರಿ ನಿಮ್ದು! ಕೊಡೇನಾ, ಜಿಪ್ಪಾ?" ಎಂದರು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಕಾಕಿ ನಾಚಿಕೆಯಿಂದ ಗಂಡನ ತೋಳು ಜಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಮೊದಲು ನಕ್ಕಿದ್ದು ಸದಸ್ಯೆ. ಆಮೇಲೆ ಬಟ್ಟೆ ವ್ಯಾಪಾರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಸಾಲಿನ ಹೆಂಗಸೊಬ್ಬಳು ನಿಜವಾಗಿಯೂ ಮನೆಗೆ ಓಡಿ ಮಗಳ ಸ್ಕೂಲ್ ಬ್ಯಾಗು ತಂದಳು. ಅವಳ ಹಿಂದೆ ಇನ್ನೊಬ್ಬರು. ಕಾಕಾ ಕೆಲಸ ಶುರುಹಚ್ಚಿಕೊಂಡೇಬಿಟ್ಟರು. ಅವರ ಸುತ್ತ ಜನ ಬಗ್ಗಿ ನಿಂತರು, ಸಭೆಯೆಂಬುದು ಎಲ್ಲಿ ಹೋಯಿತೋ.

ನಮ್ಮ ಅತ್ತೆ ಮಾತ್ರ ಅತ್ತ ಹೋಗದೆ, ಕಾಕಿಯ ಪಕ್ಕದ ಬೆಂಚಿನ ಮೇಲೆ ಬಂದು ಕೂತರು.

"ನಿಂಗೆ ಫಿಟ್ಸ್ ಬರ್ತೈತಂತಲ್ಲ, ನಮ್ ಸೊಸೆ ಹೇಳ್ತಿದ್ಲು. ಬಂದಾಗ ಯಾರು ನೋಡ್ತಾರೆ?"

"ಇವ್ರೇ ರೀ ಅಕ್ಕಾರ. ಮದ್ವೆಯಾದಾಗಿಂದ ಇವ್ರೇ."

ಅತ್ತೆ ತಿರುಗಿ, ಕಾಕಾ ಕೆಲಸ ಮಾಡುವುದನ್ನು ನೋಡಿದರು. ನಮ್ಮ ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರ ನೆನಪಾಯಿತೋ ಏನೋ. ಆಮೇಲೆ ಎದ್ದು ನಿಂತು, ಸಾಹೇಬರನ್ನು ನೋಡಿ, "ನೋಡ್ರಿ ಸಾಹೇಬ್ರೆ, ಇವ್ರಿಬ್ರಿಗೂ ನಲ್ಲಿ ಹತ್ರದ ಕ್ವಾಣೆ ಕೊಡ್ರಿ. ಆ ತುದೀದು ಬ್ಯಾಡ, ಅಲ್ಲಿ ಸೋರ್ತೈತೆ" ಎಂದರು.

ನನಗೆ ಕೂಗಿಕೊಳ್ಳಬೇಕು ಅನ್ನಿಸಿತು. ಎಲ್ಲರೂ ಒಪ್ಪಿದರು ಎಂದು ಹೇಳಲಾರೆ. ಗೇಟು ಹೊತ್ತಿಗೆ ಸರಿಯಾಗಿ ಹಾಕಬೇಕು, ಕಾವಲಿನವರೊಬ್ಬರು ಇರಬೇಕು ಎಂದು ಕೆಲವರು ಹಟ ಹಿಡಿದರು, ಸಾಹೇಬರು ಅದಕ್ಕೆ ಒಪ್ಪಿಕೊಂಡರು. ಒಬ್ಬರು ಕೊನೆಯವರೆಗೂ ಮುಖ ತಿರುಗಿಸಿಕೊಂಡೇ ಇದ್ದರು. ಇದ್ದರೆ ಇರಲಿ.

ಸುಣ್ಣ ಬಣ್ಣವಾಯಿತು. ಮಂಚಗಳು ಬಂದವು. ಉದ್ಘಾಟನೆಯ ದಿನ ಬೆಳಗ್ಗೆ ನಾನು ಹೊಸ ಸೀರೆ ಉಟ್ಟು ಹೊರಟೆ. ಸೋರುವ ತುದಿಯ ಕೋಣೆ ಬಿಟ್ಟು ಇನ್ನೆರಡಕ್ಕೂ ಸಂಸಾರಗಳು ಸಿದ್ಧವಾಗಿದ್ದವು. ಅವರಲ್ಲಿ ಒಬ್ಬಾಕೆ ಸಾರಥಿ ಎಂಬ ಹಳ್ಳಿಯವಳು. ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕರೂರಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಬಾಡಿಗೆ ಮನೆಯ ಗೋಡೆ ಮಳೆಗೆ ಕುಸಿದು, ಮಕ್ಕಳೊಂದಿಗೆ ಯಾರದೋ ವರಾಂಡದಲ್ಲಿದ್ದವಳು ಬೆಳಕು ಹರಿಯುವಷ್ಟರಲ್ಲಿ ಗಂಟು ಸಮೇತ ಬಂದು ಗೇಟಿನ ಮುಂದೆ ನಿಂತಿದ್ದಳು. ಕಾಕಾ ಕಾಕಿ ಮಾತ್ರ ಪತ್ತೆಯಿಲ್ಲ. ಮೊದಲ ಬಸ್ಸಿಗೇ ಬರುತ್ತೇವೆ ಎಂದಿದ್ದರು.

ಗಣ್ಯರು ಬರುವ ಹೊತ್ತಾಯಿತು. ಸಾಹೇಬರು ನನ್ನ ಮುಖ ನೋಡಿ, "ಹೋಗಮ್ಮ, ಹುಡುಕ್ಕಂಡು ಬಾ. ಇಲ್ಲಿ ನಾನು ನೋಡ್ಕಂತೀನಿ" ಎಂದರು.

ಹರಿಹರದ ಆ ಕಟ್ಟೆ ಖಾಲಿ ಇತ್ತು. ಗಂಟೂ ಇಲ್ಲ, ಚಾಪೆಯೂ ಇಲ್ಲ. ಪಕ್ಕದ ಎಲೆ ಅಡಿಕೆ ಅಂಗಡಿಯವನು, "ಆ ಯಮ್ಮಂಗೆ ಬೆಳಗ್ಗೆ ಬಸ್ ಹತ್ತೋವಾಗ್ಲೇ ಫಿಟ್ಸ್ ಬಂತ್ರಿ. ಆಸ್ಪತ್ರೆಗೆ ಕರ್ಕಂಡು ಹೋದ್ರು" ಎಂದ.

ಓಡಿದೆ. ಆಸ್ಪತ್ರೆಯ ಹೆಂಗಸರ ವಾರ್ಡಿನ ಹೊರಗೆ, ಗಂಟು ಚಾಪೆಯ ಮಧ್ಯೆ ಕಾಕಾ ನಿಂತಿದ್ದರು. ಕೂತಿರಲಿಲ್ಲ, ನಿಂತೇ ಇದ್ದರು. ಒಳಗೆ ಯಾರಾದರೂ ಕರೆದರೆ ತಮಗೆ ಕೇಳಿಸುವುದಿಲ್ಲ ಎಂಬ ಭಯಕ್ಕೆ ಬಾಗಿಲಿನ ಗಾಜಿನಿಂದ ಕಣ್ಣು ತೆಗೆಯದೆ ನಿಂತಿದ್ದರು. ನನ್ನನ್ನು ಕಂಡದ್ದೇ ಅವರ ಕಣ್ಣು ತುಂಬಿದವು. ಆವತ್ತು ಮೊದಲ ಬಾರಿಗೆ ಅವರು ಮೆಲ್ಲನೆ ಮಾತಾಡಿದರು. "ಒಳಗೈತೆ. ಹೆಂಗೈತೆ ಕೇಳವ್ವ."

ಕಾಕಿ ಎದ್ದು ಕೂತಿದ್ದರು! ತುಟಿ ಸ್ವಲ್ಪ ಕಚ್ಚಿಕೊಂಡು ಊದಿತ್ತು, ಅಷ್ಟೇ. ನರ್ಸಮ್ಮ ಬಂದು, ಮಾತ್ರೆ ನಿಲ್ಲಿಸಿದ್ದಕ್ಕೇ ಹೀಗಾಯಿತು, ಇನ್ನು ತಪ್ಪಿಸಬಾರದು ಎಂದು ಗದರಿ, ಡಾಕ್ಟರು ನೋಡಿದ ಮೇಲೆ ಮಧ್ಯಾಹ್ನ ಕಳಿಸುತ್ತೇವೆ ಎಂದರು. ಕಾಕಿ ನನ್ನ ಕೈ ಹಿಡಿದುಕೊಂಡರು. "ನಮ್ ಕ್ವಾಣೆ ಬ್ಯಾರೆಯವ್ರಿಗೆ ಕೊಟ್ಟುಬಿಟ್ರೇನವ್ವ?"

ಸಾಹೇಬರಿಗೆ ಫೋನು ಮಾಡಿದೆ. ಹಿಂದೆ ಭಾಷಣದ ಮೈಕು ಕೇಳುತ್ತಿತ್ತು. "ಕ್ವಾಣೆ ಎಲ್ಲಿಗೂ ಹೋಗಲ್ಲ ಅಂತ ಹೇಳು. ನಿಧಾನಕ್ಕೆ ಕರ್ಕಂಡು ಬಾ" ಎಂದರು.

ನಾವು ವಿನೋಬನಗರ ಮುಟ್ಟಿದಾಗ ಸಂಜೆ. ರಿಬ್ಬನ್ ಕತ್ತರಿಸಿ, ಭಾಷಣ ಮುಗಿಸಿ ಗಣ್ಯರೆಲ್ಲ ಹೋಗಿಯಾಗಿತ್ತು. ಆಟೋ ನಿಂತದ್ದೇ ತಡ, ಗೇಟಿನಿಂದ ಜನ ಹೊರಗೆ ಬಂದರು. ಸದಸ್ಯೆ, ಬಟ್ಟೆ ವ್ಯಾಪಾರಿಯ ಹೆಂಡತಿ, ಸಾರಥಿಯವಳು ಮತ್ತು ಅವಳ ಮಕ್ಕಳು. ಎಲ್ಲರ ಮುಂದೆ ಆರತಿ ತಟ್ಟೆ ಹಿಡಿದುಕೊಂಡು ನಮ್ಮ ಅತ್ತೆ!

"ಎಷ್ಟ್ ಹೊತ್ತು ಕಾಯೋದು? ಬಲಗಾಲಿಟ್ಟು ಬರ್ರಿ" ಎಂದು ಗದರಿದ ಹಾಗೆ ಕರೆದರು.

ಒಳಗೆ ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟಿದ್ದರು. ಹೊಸ ಮನೆಗೆ ಬಂದ ಹೆಣ್ಣುಮಗಳು ಹಾಲು ಉಕ್ಕಿಸಬೇಕು ಎಂಬುದು ಅತ್ತೆಯ ಪಟ್ಟು. ಕಾಕಿ ಹಿಂದೆ ಸರಿದರು. "ನಾ ಬೆಂಕಿ ಹತ್ರ ಹೋಗಂಗಿಲ್ಲ ರೀ ಅಕ್ಕಾರ. ಇವ್ರು ಬಿಡಲ್ಲ." ಆಗ ಕಾಕಾ, ಯಾರು ಏನು ಹೇಳಿದರೆಂದು ಕೇಳಿಸದಿದ್ದರೂ, ಒಲೆ, ಪಾತ್ರೆ, ಹೆಂಡತಿಯ ಮುಖ ನೋಡಿಯೇ ಅರ್ಥಮಾಡಿಕೊಂಡರು. ಹಿಂದಿನಿಂದ ಬಂದು ಹೆಂಡತಿಯ ಎರಡೂ ತೋಳನ್ನು ಭದ್ರವಾಗಿ ಹಿಡಿದು ನಿಂತರು. ಕಾಕಿ ಗ್ಯಾಸ್ ಹಚ್ಚಿದರು. ಹಾಲು ಮೆಲ್ಲಗೆ ಮೇಲೆ ಬಂದಿತು, ಅಂಚಿನವರೆಗೆ ಬಂದು ನಿಂತ ಹಾಗೆ ಮಾಡಿ, ಸರ್ರೆಂದು ಉಕ್ಕಿ ಒಲೆಯ ತುಂಬ ಹರಿಯಿತು. ಸಾರಥಿಯವಳ ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು. ನಾನೂ ತಟ್ಟಿದೆ. ಸಾಹೇಬರು ಗೋಡೆಗೆ ಒರಗಿ, ಯಾರಿಗೂ ಕಾಣದ ಹಾಗೆ ಕನ್ನಡಕ ಒರೆಸಿಕೊಂಡರು.

ಕಾಕಾ ಕಾಕಿ ಅಲ್ಲಿ ವರ್ಷದ ಮೇಲೆ ಇದ್ದರು. ಜಿಲ್ಲಾ ಆಸ್ಪತ್ರೆಯಿಂದ ತಿಂಗಳು ತಿಂಗಳು ಮಾತ್ರೆ ಬರುವಂತಾಯಿತು, ಫಿಟ್ಸ್ ಬರುವುದು ತುಂಬಾ ಕಡಿಮೆಯಾಯಿತು. ಕಾಕಾನಿಗೆ ಶಿಬಿರವೊಂದರಲ್ಲಿ ಕಿವಿಯ ಮೆಷಿನ್ನು ಸಿಕ್ಕಿತು. ಅದನ್ನು ಹಾಕಿಕೊಂಡ ಮೊದಲ ದಿನ ಅವರು ಹೆಂಡತಿಗೆ, "ಯಾಕ ಹಂಗೆ ಕಿರುಚ್ತೀಯ?" ಎಂದು ಕೇಳಿ ಬೈಸಿಕೊಂಡರು. ಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಚೀಟಿಯೂ ಆಯಿತು. ಮಾರ್ಕೆಟ್ಟಿನ ಹತ್ತಿರ ಅವರಿಗೆ ಕೂರಲು ಕಾಯಂ ಜಾಗ.

ಬಾಡಿಗೆ ಮನೆಯನ್ನು ಹುಡುಕಿದ್ದು ಅತ್ತೆ. ಅವರ ದೂರದ ನಂಟರೊಬ್ಬರು ಹಿಂದಿನ ಬೀದಿಯಲ್ಲಿ ಒಂದು ಕೋಣೆ ಅಡುಗೆಮನೆಯ ಮನೆಯನ್ನು ಖಾಲಿ ಇಟ್ಟಿದ್ದರು. ಗುರುತು ಪರಿಚಯ ಇಲ್ಲದವರಿಗೆ ಹೇಗೆ ಕೊಡಲಿ ಎಂದು ಅವರು ರಾಗ ಎಳೆದರೆ, "ನಂದು ಪರಿಚಯ ಐತಲ್ಲ? ನಾ ಜವಾಬ್ದಾರಿ. ಸುಮ್ನೆ ಕೀಲಿ ಕೊಡು" ಎಂದು ಇಸಿದುಕೊಂಡೇ ಬಂದರು. ಬರುವಾಗ ಬೀದಿಯ ತುದಿಯಿಂದಲೇ ನನ್ನನ್ನು ಕೂಗಿದರು. "ಏನೇ, ಸಿಕ್ತು ಕಣೇ ಮನೆ!"

ಕಾಕಾ ಕಾಕಿ ಸಾಮಾನು ಸಾಗಿಸಿದ ದಿನ ಸಾರಥಿಯವಳ ಮಕ್ಕಳು ಪಾತ್ರೆ ಹೊತ್ತರು, ಬಟ್ಟೆ ವ್ಯಾಪಾರಿ ತಮ್ಮ ಸ್ಕೂಟರಿನ ಮೇಲೆ ಗಂಟು ಇಟ್ಟುಕೊಂಡರು. ಕಾಕಿ ಕೇಂದ್ರದ ಕೋಣೆಯನ್ನು ತಾವೇ ಗುಡಿಸಿ, ನೆಲ ಒರೆಸಿ, ಕಿಟಕಿ ತೆಗೆದಿಟ್ಟು ಹೊರಗೆ ಬಂದರು. "ಬರೋರಿಗೆ ಗಾಳಿ ಆಡ್ಲಿ" ಎಂದರು.

ನೆಲ ಇನ್ನೂ ಆರಿರಲಿಲ್ಲ, ಸಾಹೇಬರ ಫೋನು ಬಂದಿತು. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಗಾರೆ ಕೆಲಸದವನು, ಅವನ ಹೆಂಡತಿ, ಕೈಗೂಸು. ಕೆಲಸ ಮುಗಿದ ಮೇಲೆ, ಮಲಗುತ್ತಿದ್ದ ಕಟ್ಟಡವನ್ನೇ ಬಿಡಬೇಕಾಗಿ ಬಂದವರು, ಮೂವರೂ ಒಟ್ಟಿಗೆ ಇರಬೇಕು ಎನ್ನುತ್ತಿದ್ದಾರೆ.

"ಕ್ವಾಣೆ ಏನಾದ್ರೂ ಖಾಲಿ ಐತೇನಮ್ಮ?"

"ಐತೆ ಸಾರ್!" ಎಂದೆ. ದನಿ ಎಷ್ಟು ಜೋರಾಗಿತ್ತೋ, ಬೀದಿಯವರೆಲ್ಲ ತಿರುಗಿ ನೋಡಿದರು. "ಈಗ್ಲೇ ಬಂದೆ, ಅಲ್ಲೇ ಇರಾಕೆ ಹೇಳ್ರಿ ಅವ್ರಿಗೆ!"

ಚಪ್ಪಲಿ ಮೆಟ್ಟಿಕೊಂಡು, ಸಿಕ್ಕಿದ ಮೊದಲ ಆಟೋ ಹತ್ತಿದೆ.